ಎರವಲು ಧ್ವನಿಯಲ್ಲಿ ಕ್ಷಮಾಪಣೆ

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಬ್ಬರ ಧ್ವನಿಯಲ್ಲಿ ಫೋನ್ ಮಾಡಿ ಇನ್ನೊಬ್ಬರಲ್ಲಿ ಕ್ಷಮೆ ಕೇಳಿದ ಮಹಾನುಭಾವ ನಾನೇ. ಮಿಮಿಕ್ರಿ ನನಗೆ ಅಂಟಿದ ರೋಗ. "ಮತದಾರ ಪ್ರಭುಗಳೇ" ಎನ್ನುವಾಗ ರಾಜಕಾರಣಿಯ ಗಂಟಲಿಗೆ ಇಳಿಯುವ ಬೆಣ್ಣೆ, "ಎಲ್ಲವೂ ಮಾಯೆ" ಎನ್ನುತ್ತಲೇ ಸ್ವಾಮಿಗಳು ಮೈಕನ್ನು ಹತ್ತಿರಕ್ಕೆಳೆದುಕೊಳ್ಳುವ ಗತ್ತು, ಸೂಜಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು "ಇರುವೆ ಕಚ್ಚಿದ ಹಾಗೆ, ಅಷ್ಟೇ" ಎನ್ನುವ ಡಾಕ್ಟರರ ಜೇನು, ಮೂರನ್ನೂ ಮಾಡಿ ತೋರಿಸಬಲ್ಲೆ. ಮೂರನೆಯದಕ್ಕೆ ಆಗ ಆಸ್ಟ್ರೇಲಿಯದ ಅಡಿಲೇಡಿನ ಒಂದು ಆಸ್ಪತ್ರೆ ನನಗೆ ಸಂಬಳವನ್ನೂ ಕೊಡುತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಪುಟ್ಟ ಕನ್ನಡ ಕೂಟದ ಸಭೆಯಲ್ಲಿ ಸರ್ಜನ್ ರಾಮಣ್ಣ ಅಂಕಲ್ ಸೌಹಾರ್ದದ ಬಗ್ಗೆ ಭಾಷಣ ಮಾಡಿದರು. ನಲವತ್ತು ನಿಮಿಷವಾದರೂ ಸೌಹಾರ್ದ ಮುಗಿಯಲಿಲ್ಲ. ಅಧ್ಯಕ್ಷರ ಕುರ್ಚಿಯಲ್ಲಿದ್ದವರು ಮೈಸೂರಿನಲ್ಲಿ ಅವರ ಜೊತೆಗೇ ಡಾಕ್ಟರಿಕೆ ಓದಿದ ಅಸ್ಲಂ ಅಂಕಲ್. ಗಂಟೆ ಬಾರಿಸಿಬಿಟ್ಟರು. ಸೌಹಾರ್ದ ಅಲ್ಲಿಗೆ ನಿಂತಿತು, ಇಬ್ಬರ ಮಾತೂ ನಿಂತಿತು, ಗ್ಲೆನೆಲ್ಗ್ ಬಡಾವಣೆಯ ಅಸ್ಲಂ ಅಂಕಲ್ ಮನೆಯ ಶನಿವಾರದ ಟೀ ಕೂಡ. ಮೂರು ತಿಂಗಳಾಯಿತು. ಅಸ್ಲಂ ಅಂಕಲ್ ಆ ತಿಂಗಳ ಕೊನೆಗೆ ದೇಶದ ಇನ್ನೊಂದು ತುದಿಯ ಪರ್ತಿನ ಆಸ್ಪತ್ರೆಯ ಕೆಲಸಕ್ಕೆ ಹೊರಟಿದ್ದರು. ಹೀಗೇ ಹೋದರೆ ಇಪ್ಪತ್ತು ವರ್ಷದ ಸ್ನೇಹ ನಡುವಿನ ಮರುಭೂಮಿಯ ಆಚೆ ಈಚೆ ಒಣಗಿಹೋಗುತ್ತಿತ್ತು. ಎರಡೂ ಮನೆಯಲ್ಲಿ ಉಂಡು ಕೊಬ್ಬಿದ ಬ್ರಹ್ಮಚಾರಿ ನಾನು, ಸುಮ್ಮನಿರಲಾದೀತೇ?

ಫೋನೆತ್ತಿದೆ. ರಾಮಣ್ಣ ಅಂಕಲ್ಲಿನ ಗಡಸು ಗಂಟಲು ತಂದುಕೊಂಡೆ. "ಅಸ್ಲಂ, ಸ್ನೇಹವೆಂಬುದು ಮಹಾನದಿ. ಅದಕ್ಕೆ ನಾನೇ ಅಡ್ಡಗಟ್ಟೆಯಾದೆ, ಸಾರಿ ಕಣೋ" ಎಂದೆ. ಮಾತಿನ ಓಘಕ್ಕೆ ನನ್ನ ಕಣ್ಣೇ ಒದ್ದೆಯಾಯಿತು. ಇನ್ನೂ ಮೂರು ಸಲ "ಸಾರಿ" ಸೇರಿಸಿದೆ. ಆ ಕಡೆಯಿಂದ ಅಸ್ಲಂ ಅಂಕಲ್ ಅಂದರು, "ಶನಿವಾರ ಮನೆಗೆ ಬಾ. ಎದುರಿಗೇ ಮಾತಾಡೋಣ."

ಇಷ್ಟು ಹೊತ್ತು ಹೊಳೆಯದ ಸತ್ಯ ಆಗ ಹೊಳೆಯಿತು: ಧ್ವನಿಯನ್ನು ನಾನು ಕಳಿಸಬಲ್ಲೆ, ದೇಹವನ್ನು ರಾಮಣ್ಣ ಅಂಕಲ್ಲೇ ಕಳಿಸಬೇಕು. ಅವರ ಮನೆಗೆ ಹೋಗಿ ತಲೆ ತಗ್ಗಿಸಿ ಎಲ್ಲ ಹೇಳಿದೆ.

"ನನ್ನ ಹೆಸರಲ್ಲಿ ಸಾರಿ ಕೇಳಿದ್ಯಾ? ಯಾರನ್ನ ಕೇಳಿ ಕೇಳಿದ್ಯೋ ಕತ್ತೆ?" ಎಂದು ಹಾಲ್ ತುಂಬ ನಾಲ್ಕು ಸುತ್ತು ಹಾಕಿದರು. ಐದನೆಯ ಸುತ್ತಿಗೆ ನಿಂತು, "ಏನಂದ?" ಎಂದರು.

"ಶನಿವಾರ ಬಾ ಅಂದ್ರು."

ಮತ್ತೆ ಬೈಯಲಿಲ್ಲ. ಶನಿವಾರ ನಾನು ಹೋಗುವಷ್ಟರಲ್ಲಿ ಶೂ ಹಾಕಿಕೊಂಡು ಗೇಟಿನಲ್ಲೇ ನಿಂತಿದ್ದರು.

ಕಾರಿನಲ್ಲಿ ದಾರಿಯುದ್ದಕ್ಕೂ ಹೊಸ ಭಾಷಣವೊಂದನ್ನು ಗುನುಗಿಕೊಂಡೇ ಬಂದರು. ಬಾಗಿಲು ತೆರೆಯಿತು. ನಮ್ಮ ಮಹಾ ವಾಗ್ಮಿಯ ಬಾಯಿಂದ ಹೊರಟದ್ದು ಇಷ್ಟೇ: "ಟೀ ಇದ್ಯೇನೋ?"

"ಒಲೆ ಮೇಲಿದೆ, ಒಳಗೆ ಬಾ" ಎಂದರು ಅಸ್ಲಂ ಅಂಕಲ್.

ಎರಡನೆಯ ಲೋಟದ ಹೊತ್ತಿಗೆ ಇಬ್ಬರೂ ಹಳೆಯ ಹಾಸ್ಟೆಲ್ ಕತೆ ತೆಗೆದು ನಗುತ್ತಿದ್ದರು. ಶಾಂತಿದೂತನೆಂದು ನಾನು ಮನಸ್ಸಿನಲ್ಲೇ ಹಾರ ಹಾಕಿಸಿಕೊಳ್ಳುತ್ತಿದ್ದಾಗ ಅಸ್ಲಂ ಅಂಕಲ್ ನನ್ನ ಕಡೆ ತಿರುಗಿದರು.

"ಧ್ವನಿ ಪಕ್ಕಾ ಇವನದೇ ಕಣಪ್ಪ. ಆದ್ರೆ ನಾಲ್ಕು ಸಲ ಸಾರಿ ಅಂದೆ ನೋಡು, ಅಲ್ಲಿ ಸಿಕ್ಕಿಬಿದ್ದೆ. ಇಪ್ಪತ್ತು ವರ್ಷದಲ್ಲಿ ಇವನ ಬಾಯಲ್ಲಿ ಒಂದು ಸಲಾನೂ ಕೇಳಿಲ್ಲ."

"ಗೊತ್ತಿದ್ದೂ ಯಾಕೆ ಅಂಕಲ್ ಬಾ ಅಂದ್ರಿ?"

"ಕರೆಯೋಕೆ ನನಗೂ ಒಂದು ನೆಪ ಬೇಕಿತ್ತು. ಈಗ ನೀನು ನಿನ್ನ ಸ್ವಂತ ಧ್ವನೀಲಿ ಒಂದು ಸಾರಿ ಹೇಳು. ಅದನ್ನ ಈ ಊರಲ್ಲಿ ಇನ್ನೂ ಯಾರೂ ಕೇಳಿಲ್ಲ."