ನೆಲ ಬಿಟ್ಟೆದ್ದ ಜೀಪು

"ಅಪ್ಪ ಬರಿಗೈಲಿ ಹತ್ತಿಸಿದ ಬೆಟ್ಟ ಅದು! ಈ ಜೀಪನ್ನ ಸಜ್ಜು ಮಾಡಿ ನಾನೂ ಅಲ್ಲಿಗೆ ಹತ್ತಿಸ್ಲಿಲ್ಲ ಅಂದ್ರೆ ನನ್ನ ಹೆಸರು ಬದಲಾಯಿಸ್ಬಿಡಿ!"

ನಕ್ಷೆಗಾರ ಹೀಗೆ ಭೀಷ್ಮಪ್ರತಿಜ್ಞೆ ಮಾಡಿದ್ದು ತುಂಬಿದ ಸಭೆಯಲ್ಲಿ. ಸಭೆಯಲ್ಲಿದ್ದವರು ಇಬ್ಬರು. ಒಬ್ಬರು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅಮ್ಮ. ಇನ್ನೊಬ್ಬಳು ಯಾರದೋ ಕೋಟಿಗೆ ಗುಂಡಿ ಹಾಕುತ್ತಿದ್ದ ಅವನ ಹೆಂಡತಿ. ಅವಳು ದರ್ಜಿ. ಹಲ್ಲಿನಿಂದ ದಾರ ಕಡಿಯುತ್ತಲೇ ಹೇಳಿದಳು.

"ಹೆಸರು ಆಮೇಲೆ ನೋಡೋಣ. ಮೊದ್ಲು ಅದು ಸ್ಟಾರ್ಟ್ ಆಗುತ್ತಾ ನೋಡಿ."

ನಕ್ಷೆಗಾರ ನಗರದ ಕಟ್ಟಡ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ನಕ್ಷೆ ಬರೆಯುವವನು. ಬಾಗಿಲು ಎಷ್ಟು ಎತ್ತರ, ಕಿಟಕಿ ಎಷ್ಟು ಅಗಲ, ಎಲ್ಲ ಕೂದಲೆಳೆಯಷ್ಟೂ ತಪ್ಪದ ಹಾಗೆ ಗುರುತಿಸುವ ಆಸಾಮಿ. ಅವನ ಅಪ್ಪ ಭೂಮಾಪನ ಇಲಾಖೆಯ ಜೀಪಿನ ಚಾಲಕರಾಗಿದ್ದರು. ನಿವೃತ್ತಿಯಾದಾಗ ಅದೇ ಜೀಪನ್ನು ಹರಾಜಿನಲ್ಲಿ ಹಿಡಿದು ಮನೆಗೆ ತಂದಿದ್ದರು. ಅವರು ತೀರಿಕೊಂಡ ಮೇಲೆ ಆರು ವರ್ಷ ಅದು ಹಿತ್ತಲಿನ ತಗಡಿನ ಚಾವಣಿಯ ಕೆಳಗೆ ತೆಪ್ಪಗೆ ನಿಂತಿತ್ತು.

ಈಗ ಅದಕ್ಕೆ ಯೋಗ ಬಂದದ್ದು ಅಮ್ಮನ ಮೊಣಕಾಲಿನಿಂದ. ಮುಂದಿನ ತಿಂಗಳು ಆಪರೇಷನ್ ಎಂದು ದಿನ ಗೊತ್ತಾಗಿತ್ತು. ಆಮೇಲೆ ಒಂದು ವರ್ಷ ಕುಲುಕಾಟದ ಪ್ರಯಾಣವೇ ಬೇಡ ಎಂದು ವೈದ್ಯರು ಹೇಳಿದ್ದರು. ಅಮ್ಮ ಯಾವತ್ತೂ ಏನನ್ನೂ ಕೇಳಿದವಳಲ್ಲ. ಅವತ್ತು ಮಾತ್ರ ಮೆಲ್ಲಗೆ ಕೇಳಿದ್ದಳು.

"ಅದಕ್ಕೆ ಮುಂಚೆ ಒಂದೇ ಒಂದ್ಸಲ, ಅಪ್ಪ ಕರ್ಕೊಂಡು ಹೋಗ್ತಿದ್ರಲ್ಲ, ಆ ನೀರಿನ ಹತ್ರ ಹೋಗ್ಬರೋಣ ಕಣೋ. ಈ ಜೀಪಲ್ಲೇ."

ಆ ನೀರು! ನೆನೆದರೆ ನಕ್ಷೆಗಾರನಿಗೆ ಇವತ್ತಿಗೂ ಮೈ ಜುಮ್ಮೆನ್ನುತ್ತಿತ್ತು. ಆಗ ಅವನಿಗೆ ನಾಲ್ಕೋ ಐದೋ ವರ್ಷ. ಭಾನುವಾರ ಜೀಪಿನ ಹಿಂದೆ ಮಡಿಸಿಟ್ಟ ಟಾರ್ಪಾಲಿನ ಮೇಲೆ ಅವನನ್ನು ಕೂರಿಸಿದರೆ ಧಡ್ ಭಡ್ ಎಂದು ಕುಲುಕಿ ಕುಲುಕಿ ನಿದ್ದೆ ಹತ್ತಿಬಿಡುತ್ತಿತ್ತು. ಎಚ್ಚರವಾದಾಗ ಅಪ್ಪನ ಹೆಗಲು, ಪೆಟ್ರೋಲಿನ ವಾಸನೆಯ ಅಂಗಿ, ತಣ್ಣನೆ ಗಾಳಿ. ಎದುರಿಗೆ ಕಣ್ಣು ಹಾಯಿಸಿದಷ್ಟೂ ನೀರು! "ಎಂಥ ಬೆಟ್ಟ ಹತ್ತಿ ಬಂದ್ವಿ ಗೊತ್ತೇನೋ? ನೀನು ನಿದ್ದೆ ಮಾಡ್ಬಿಟ್ಟೆ!" ಎಂದು ಅಪ್ಪ ನಗುತ್ತಿದ್ದರು. ಇಳಿಸಿದರೆ ನೀರು ಅವನ ಕುತ್ತಿಗೆಯವರೆಗೂ ಬರುತ್ತಿತ್ತು. ಅಮ್ಮ ದಡದಲ್ಲಿ ಕಾಲು ಇಳಿಬಿಟ್ಟು ಕೂತು ಏನೋ ಗುನುಗುತ್ತಿದ್ದಳು. ಅದಕ್ಕಿಂತ ಸುಖವಾದ ದಿನಗಳು ಮತ್ತೆ ಬರಲೇ ಇಲ್ಲ ಎಂದು ಅವನು ಎಷ್ಟೋ ಸಲ ಅಂದುಕೊಂಡದ್ದುಂಟು.

ಮ್ಯಾಪು ಹರಡಿ ನೋಡಿದ. ಊರಾಚೆ ಮೂವತ್ತೈದು ಕಿಲೋಮೀಟರು ದೂರದಲ್ಲಿ, ಬೆಟ್ಟದ ನೆತ್ತಿಯ ಮೇಲೆ ಒಂದು ಸರೋವರವಿತ್ತು. ಅದೇ! ಅಮ್ಮ ಬಗ್ಗಿ ನೋಡಿ, "ಅಲ್ಲ ಕಣೋ, ಅಷ್ಟು ದೂರ..." ಎಂದು ಬಾಯಿ ತೆರೆದಳು.

"ನೀನು ಸುಮ್ನಿರಮ್ಮ! ದಾರಿ ನನಗೆ ಬಿಡು. ನಕ್ಷೆ ಬರೆಯೋನಿಗೆ ನೀನು ದಾರಿ ಹೇಳ್ತೀಯಾ?"

ಅಮ್ಮ ಮತ್ತೆ ಎಣ್ಣೆಯ ಬಟ್ಟಲಿಗೆ ಕೈಯಿಟ್ಟಳು.

ಜೀಪು ಮೆಕ್ಯಾನಿಕ್‌ನ ಅಂಗಳ ಸೇರಿತು. ಆ ಮೆಕ್ಯಾನಿಕ್‌ಗೆ ಎಲ್ಲರೂ ಡಾಕ್ಟರ್ ಎನ್ನುತ್ತಿದ್ದರು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ರೋಗ ಪತ್ತೆ ಹಚ್ಚುವ ಮನುಷ್ಯ.

"ಗಾಡಿ ಗಟ್ಟಿಯಾಗಿದೆ ಸಾರ್. ಹೀಗೇ ಓಡಿಸಿ."

"ಹೀಗೇನಾ? ಬೆಟ್ಟಕ್ಕೆ ಹೋಗ್ಬೇಕು ಕಣಯ್ಯಾ! ದೊಡ್ಡ ಟೈರ್ ಹಾಕು!"

ಇಲ್ಲಿಂದ ಶುರುವಾಯಿತು ರಾಮಾಯಣ. ದೊಡ್ಡ ಟೈರು ಮಡ್‌ಗಾರ್ಡಿಗೆ ಉಜ್ಜಿತು. ಉಜ್ಜಬಾರದೆಂದು ಸ್ಪ್ರಿಂಗ್ ಪಟ್ಟಿ ಬದಲಿಸಿ ಗಾಡಿಯನ್ನೇ ಒಂದು ಗೇಣು ಮೇಲೆತ್ತಿದ್ದಾಯಿತು. ಅಷ್ಟು ಎತ್ತರದ ಗಾಡಿಗೆ ಹಳೆಯ ದೀಪ ಮಿಣುಕುಹುಳದಂತೆ ಕಂಡಿತು. ನಾಲ್ಕು ಹೊಸ ದೀಪ ಬಂದವು! ದೀಪಕ್ಕೆ ಎರಡನೆಯ ಬ್ಯಾಟರಿ ಬಂತು. ಇಷ್ಟು ದೊಡ್ಡ ಬ್ಯಾಟರಿ ಸುಮ್ಮನೆ ಕೂತಿರುವುದೇ? ಅದಕ್ಕೊಂದು ಪುಟ್ಟ ಫ್ರಿಜ್ ಬಂತು! ಕೆಸರಿನಲ್ಲಿ ಹೂತರೆ ಗಾಡಿ ತನ್ನನ್ನು ತಾನೇ ಎಳೆದುಕೊಳ್ಳಲಿ ಎಂದು ಮುಂದೆ ಉಕ್ಕಿನ ಹಗ್ಗದ ವಿಂಚ್. ಹೊಳೆ ದಾಟುವಾಗ ಇಂಜಿನ್ನಿಗೆ ಉಸಿರು ಕಟ್ಟದಿರಲಿ ಎಂದು ಪಕ್ಕದಲ್ಲಿ ಆನೆಯ ಸೊಂಡಿಲಿನಂಥ ಕೊಳವೆ. ನೆತ್ತಿಯ ಮೇಲೆ ಕಬ್ಬಿಣದ ಚೌಕಟ್ಟು, ಚೌಕಟ್ಟಿನ ಮೇಲೆ ಬಿಚ್ಚಿದರೆ ಮನೆಯಾಗುವ ಡೇರೆ! ಹತ್ತಲು ಇದ್ದ ಹಳೆಯ ಮೆಟ್ಟಿಲನ್ನು ಮಾತ್ರ, "ಬಂಡೆಗೆ ತಾಗುತ್ತೆ" ಎಂದು ಕಿತ್ತು ಬಿಸಾಡಿಸಿದ.

"ಸಾರ್, ಇದ್ರಲ್ಲಿ ಯಾರು ಕೂರೋದು?" ಎಂದ ಡಾಕ್ಟರ್.

"ನಮ್ಮಮ್ಮ!"

ಡಾಕ್ಟರ್ ಸ್ಕ್ರೂಡ್ರೈವರನ್ನು ಜೇಬಿಗಿಟ್ಟುಕೊಂಡು ಒಳಗೆ ಹೋದ.

ಆಪರೇಷನ್ನಿಗೆ ಒಂದೇ ದಿನ ಉಳಿದಿದ್ದ ಭಾನುವಾರ ಜೀಪು ಮನೆಗೆ ಬಂತು. ಅಮ್ಮ ಒಳ್ಳೆಯ ಸೀರೆಯುಟ್ಟು, ಬುತ್ತಿ ಹಿಡಿದು ಹೊರಬಂದಳು. ಜೀಪಿನ ಬಾಗಿಲು ಅವಳ ಎದೆಯ ಮಟ್ಟದಲ್ಲಿತ್ತು. ಅಮ್ಮ ಮೇಲೆ ನೋಡಿದಳು, ಕೆಳಗೆ ನೋಡಿದಳು, ಮಗನ ಮುಖ ನೋಡಿದಳು.

ಸ್ಟೂಲು ತಂದರು. ಅದರ ಮೇಲೆ ಹತ್ತುವುದಕ್ಕೇ ಇನ್ನೊಂದು ಸ್ಟೂಲು ಬೇಕಾಯಿತು. ಏಣಿ ತಂದರು. ಮೊದಲ ಮೆಟ್ಟಿಲಿಗೇ ಮೊಣಕಾಲು ಲಟಕ್ ಎಂದಿತು. ಆಗ ನಕ್ಷೆಗಾರನ ತಲೆಗೆ ದಿವ್ಯವಾದ ಉಪಾಯವೊಂದು ಹೊಳೆಯಿತು.

"ವಿಂಚ್ ಇದೆಯಲ್ಲ! ಹಗ್ಗ ಮೇಲಿಂದ ಹಾಯಿಸಿ, ಕುರ್ಚಿಗೆ ಕಟ್ಟಿ..."

"ರೀ! ಅತ್ತೆ ಅಂದ್ರೆ ಸಿಮೆಂಟ್ ಮೂಟೆ ಅಂದ್ಕೊಂಡ್ರಾ?" ಹೆಂಡತಿ ಸಿಡಿದಳು. "ಹಾಕ್ಕೊಳ್ಳೋರ ಅಳತೆನೇ ತಗೊಳ್ದೆ ಬಟ್ಟೆ ಕತ್ತರಿಸಿದ್ರೆ ಹೀಗೇ ಆಗೋದು! ಗಾಡೀನ ಜಗಲಿಗೆ ತಾಗಿಸಿ ನಿಲ್ಸಿ!"

ಮೂರು ಹೂಕುಂಡಗಳ ಬಲಿ ಕೊಟ್ಟು ಜೀಪು ಜಗಲಿಗೆ ತಾಗಿ ನಿಂತಿತು. ಅಮ್ಮ ಜಗಲಿಯಿಂದ ನೇರವಾಗಿ ಒಳಗೆ ನಡೆದು ಮಹಾರಾಣಿಯಂತೆ ಕೂತಳು. ನಕ್ಷೆಗಾರ ಹಾರ್ನ್ ಬಾರಿಸಿ ದಂಡಯಾತ್ರೆ ಹೊರಟ.

ಊರಿನ ಅಂಚಿಗೆ ಬಂದರು. ಹಳೆಯ ಗೋದಾಮುಗಳು ಮುಗಿದಲ್ಲಿ ರಸ್ತೆ ತಗ್ಗಿಗಿಳಿದು ರೈಲು ಸೇತುವೆಯೊಂದರ ಕೆಳಗೆ ಹಾಯುತ್ತಿತ್ತು. ಪಕ್ಕದಲ್ಲೇ ಸಣ್ಣ ಹಳ್ಳ. ಸೇತುವೆಯ ಹಣೆಯ ಮೇಲೆ, ಇಷ್ಟಕ್ಕಿಂತ ಎತ್ತರದ ವಾಹನಗಳಿಗೆ ಪ್ರವೇಶವಿಲ್ಲ ಎಂಬ ಫಲಕ. ಆ ಫಲಕದ ಅಂಕಿ ಬರೆದುಕೊಟ್ಟವನು ಸಾಕ್ಷಾತ್ ನಮ್ಮ ನಕ್ಷೆಗಾರನೇ! ಕಚೇರಿಯ ಮೇಜಿನ ಮೇಲೆ ಕೂತು ಬರೆದದ್ದು. ಈ ಜಾಗವನ್ನು ಕಣ್ಣಾರೆ ನೋಡುತ್ತಿರುವುದು ಇದೇ ಮೊದಲು ಎಂದುಕೊಂಡು ಅವನು ಹೆಮ್ಮೆಯಿಂದ ಫಲಕ ತೋರಿಸಿದ.

"ನೋಡಮ್ಮ, ನಾನೇ ಬರೆದಿ..."

ಕರ್ರ್ರ್ರ್!

ಡೇರೆಯ ಚೌಕಟ್ಟು ಸೇತುವೆಯ ತೊಲೆಗೆ ಸಿಕ್ಕಿಕೊಂಡಿತು. ಜೀಪು ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು.

ನಕ್ಷೆಗಾರ ಬೆವರಿಳಿಸುತ್ತ ಕೆಳಗೆ ಹಾರಿದ. ಟೈರುಗಳ ಗಾಳಿ ತೆಗೆದರೆ ಗಾಡಿ ತಗ್ಗುತ್ತದೆ ಎಂದು ಒಂದೊಂದೇ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. ಹೆಂಡತಿ ಕೇಳಿದಳು.

"ಗಾಳಿ ತೆಗೀತೀರಿ, ಸರಿ. ತುಂಬಿಸೋ ಯಂತ್ರ?"

"ಅದು... ಮನೇಲಿದೆ. ಫ್ರಿಜ್ಜಿಗೆ ಜಾಗ ಸಾಲ್ಲಿಲ್ಲ."

ಅಷ್ಟರಲ್ಲಿ ಅಮ್ಮ ತನ್ನ ಕಡೆಯ ಬಾಗಿಲು ತೆರೆದಿದ್ದಳು. ಅಲ್ಲಿ ಸೇತುವೆಯ ಕಲ್ಲುಕಟ್ಟೆ ಸರಿಯಾಗಿ ಜೀಪಿನ ಮಟ್ಟಕ್ಕಿತ್ತು. ಸೊಸೆಯ ಕೈ ಹಿಡಿದು ಅಮ್ಮ ಕಟ್ಟೆಗೆ ಕಾಲಿಟ್ಟಳು, ಅದರ ಇಳಿಜಾರಿನಲ್ಲಿ ಮೆಲ್ಲಗೆ ಇಳಿದಳು. ಹಳ್ಳದ ದಡದ ಚಪ್ಪಡಿಯ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟಳು.

"ಅಮ್ಮಾ, ಹತ್ತೇ ನಿಮಿಷ! ಸರೋವರ ಇನ್ನೂ ಮುಂದಿದೆ!"

"ಯಾವ ಸರೋವರನೋ?" ಎಂದಳು ಅಮ್ಮ. "ಬಂದ್ವಲ್ಲ."

ಟೈರಿನ ಗಾಳಿ ಸುಯ್ಯೆಂದು ಹೋಗುತ್ತಲೇ ಇತ್ತು. ನಕ್ಷೆಗಾರ ಎದ್ದು ನಿಂತ.

"ಬಂದ್ವಾ? ಇದು ಹಳ್ಳ ಕಣಮ್ಮಾ! ಅಪ್ಪ ಬೆಟ್ಟ ಹತ್ತಿಸ್ತಿದ್ರಲ್ಲ..."

"ಅದು ಇಲಾಖೆ ಜೀಪು ಕಣೋ, ಊರಿನ ಗಡಿ ದಾಟೋ ಹಾಗಿರ್ಲಿಲ್ಲ. ಈ ಸೇತುವೆ ದಾಟಿಸಿದ್ರೆ ನಿಮ್ಮಪ್ಪನ ಕೆಲಸಾನೇ ಹೋಗ್ತಿತ್ತು. ನೀನೋ, ಬೆಟ್ಟ ಬೇಕು ಬೆಟ್ಟ ಬೇಕು ಅಂತ ಒಂದೇ ಹಠ. ಪಾಪ, ನಿನಗೆ ನಿದ್ದೆ ಹತ್ತೋವರೆಗೂ ಆ ಗೋದಾಮುಗಳ ಸುತ್ತ ಸುತ್ತಿಸ್ತಿದ್ರು. ಬೆಟ್ಟದ ದಾರಿ ಅನ್ನಿಸ್ಲಿ ಅಂತ ಗುಂಡಿಗಳನ್ನ ಹುಡುಕ್ಹುಡುಕಿ ಇಳಿಸ್ತಿದ್ರು!"

"ಮತ್ತೆ ಮೊದ್ಲೇ ಯಾಕಮ್ಮ ಹೇಳ್ಲಿಲ್ಲ?"

"ಹೇಳೋಕೆ ಬಿಟ್ಟಿದ್ರೆ ತಾನೆ!"

ನಕ್ಷೆಗಾರ ಚಪ್ಪಲಿ ಬಿಟ್ಟು ನೀರಿಗಿಳಿದ. ಅಂದು ಕುತ್ತಿಗೆ ಮುಟ್ಟುತ್ತಿದ್ದ ನೀರು ಮೊಣಕಾಲಿಗೂ ಬರಲಿಲ್ಲ. ಆದರೆ ತಣ್ಣಗಿತ್ತು, ಅಷ್ಟೇ ತಣ್ಣಗೆ. ಮಗನಿಗೊಂದು ಬೆಟ್ಟ ಕಟ್ಟಿಕೊಡಲು ಗುಂಡಿ ಹುಡುಕುತ್ತ ಸುತ್ತಿದ ಅಪ್ಪನನ್ನು ನೆನೆದು ಅವನಿಗೆ ನಗು ಬಂತು. ನಗುತ್ತ ನಗುತ್ತಲೇ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈಯೆತ್ತಿದರೆ ಕೈತುಂಬ ಗ್ರೀಸು! ಹೆಂಡತಿ ಸೆರಗಿನಿಂದ ಅವನ ಮುಖ ಒರೆಸಿದಳು. ಮೂವರೂ ದಡದಲ್ಲಿ ಕೂತು ಬುತ್ತಿ ಬಿಚ್ಚಿದರು. ಅಮ್ಮ ಗುನುಗತೊಡಗಿದಳು.

ಹೊರಡುವ ಹೊತ್ತಾಯಿತು. ಜೀಪು ಸೇತುವೆಯಿಂದ ಬಿಡಿಸಿಕೊಂಡಿತ್ತೇನೋ ನಿಜ, ಆದರೆ ನಾಲ್ಕೂ ಟೈರು ಚಪ್ಪಟೆಯಾಗಿ ನೆಲ ಕಚ್ಚಿತ್ತು. ಆಗ ಊರ ಕಡೆಯಿಂದ ಸಿಟಿ ಬಸ್ಸೊಂದು ಬಂದು ಸೇತುವೆಯ ಈಚೆಯೇ ತಿರುಗಿ ನಿಂತಿತು. "ಲಾಸ್ಟ್ ಸ್ಟಾಪ್!" ಎಂದು ಕೂಗಿದ ಕಂಡಕ್ಟರ್, ಜೀಪನ್ನು ಚಕ್ರದಿಂದ ಡೇರೆಯವರೆಗೆ ನೋಡಿದ.

"ಯಾವ ಕಾಡಿಗೆ ಸಾರ್?"

ನಕ್ಷೆಗಾರ ಬುತ್ತಿಯ ಚೀಲ ಹೆಂಡತಿಯ ಕೈಗಿಟ್ಟು ಜೀಪಿಗೆ ಒರಗಿ ನಿಂತ. ಬಸ್ಸಿನ ಮೆಟ್ಟಿಲು ನೆಲದಿಂದ ಗೇಣೆತ್ತರವೂ ಇರಲಿಲ್ಲ. ಅಮ್ಮ ಯಾರ ಕೈಯನ್ನೂ ಹಿಡಿಯದೆ ಹತ್ತಿ ಕಿಟಕಿಯ ಪಕ್ಕ ಕೂತಳು. ಸೊಸೆಯೂ ಹತ್ತಿದಳು. ಬಸ್ಸು ಹೊರಟಾಗ ಅಮ್ಮ ಕಿಟಕಿಯಿಂದ ತಲೆ ಹೊರಹಾಕಿದಳು.

"ನೀನೇನೂ ಯೋಚ್ನೆ ಮಾಡ್ಬೇಡ ಕಣೋ! ಯಾರಾದ್ರೂ ಕೇಳಿದ್ರೆ ಬೆಟ್ಟ ಹತ್ತಿ ಬಂದ್ವಿ ಅಂತಾನೇ ಹೇಳ್ತೀನಿ. ನಿಮ್ಮಪ್ಪನ ಮರ್ಯಾದೆನೂ ಇಷ್ಟು ವರ್ಷ ಹೀಗೇ ಉಳಿಸಿದ್ದು!"