ಮಿರ್ಚಿಗೊಂದು ಕಾಲಂ

ಶಿಕಾರಿಪುರದಲ್ಲಿ ನಮ್ಮದು ಅಂಗಡಿಗಳಿಗೆ ಬಿಲ್ಲಿನ ಸಾಫ್ಟ್‌ವೇರ್ ಮಾಡಿಕೊಡುವ ಪುಟ್ಟ ಆಫೀಸು. ಇಲ್ಲಿ ನಗುವುದಕ್ಕೆ ಯಾರೂ ಜೋಕು ಹೇಳಬೇಕಿಲ್ಲ, ನಮ್ಮ ಯಜಮಾನರು ಯಾವುದಾದರೂ ಗಿರಾಕಿಯ ಅಂಗಡಿಗೆ ಹೋಗಿಬಂದರೆ ಸಾಕು.

೧. ಉಪಚಾರ

ಯಜಮಾನರಿಗೆ ದಾಕ್ಷಿಣ್ಯ ಜಾಸ್ತಿ. ಶಿಕಾರಿಪುರ, ಆನವಟ್ಟಿ ಎರಡೂ ಕಡೆ ಅಂಗಡಿಯಿದ್ದ ಶಾಮಿಯಾನದ ಸಾಹುಕಾರರು ನಮ್ಮ ದೊಡ್ಡ ಗಿರಾಕಿ. ಆನವಟ್ಟಿ ಅಂಗಡಿಯವರು ಮಂಡಕ್ಕಿ, ಮಿರ್ಚಿ ಕೊಟ್ಟು, ಬಾಡಿಗೆ ಪಾತ್ರೆ ಯಾರು ನೆಗ್ಗಿಸಿದರು ಅಂತ ಬರೆಯಲು ಜಾಗ ಬೇಕು ಅಂದರಂತೆ. ಇವರು ಅಲ್ಲೇ ಕೂತು ಡೇಟಾಬೇಸಿಗೆ ಒಂದು ಕಾಲಂ ಸೇರಿಸಿ, ನಮಗೆ ಹೇಳದೆ ಬಂದುಬಿಟ್ಟರು. ಮುಂದಿನ ವಾರ ಹೊಸ ಸಾಫ್ಟ್‌ವೇರ್ ಹಾಕಿದರೆ ಶಿಕಾರಿಪುರದಲ್ಲಿ ಓಡಿತು, ಆನವಟ್ಟಿಯಲ್ಲಿ ಮುಷ್ಕರ ಹೂಡಿತು. ಆ ಗುಟ್ಟಿನ ಕಾಲಮ್ಮೇ ಕಾರಣ ಎಂದು ಹುಡುಕಿ ತೆಗೆಯುವಷ್ಟರಲ್ಲಿ ನನಗೆ ರೇಗಿಹೋಯಿತು. ಯಾವ ಅಂಗಡಿಯಲ್ಲಿ ಉಪಚಾರ ಚೆನ್ನಾಗಿದೆ ಎನ್ನುವುದು ಆಗೆಲ್ಲ ಅಲ್ಲಿನ ಕಾಲಂ ಎಣಿಸಿದರೆ ಗೊತ್ತಾಗುತ್ತಿತ್ತು.

೨. ಕಾರಣ

ನಾನು ಹಟ ಹಿಡಿದೆ. ಮೊದಲ ಟೇಬಲ್‌ನಿಂದ ಹಿಡಿದು ಡೇಟಾಬೇಸಿನ ಪ್ರತಿ ಬದಲಾವಣೆಯನ್ನೂ ಒಂದೊಂದು ಫೈಲಿನಲ್ಲಿ ಬರೆಯಬೇಕು, ಕಾರಣ ಸಮೇತ ಗಿಟ್ ಎಂಬ, ಬದಲಾವಣೆಗಳ ಲೆಕ್ಕ ಇಡುವ ಕಡತಕ್ಕೆ ಸೇರಿಸಬೇಕು, ಆಮೇಲೆ ಆ ಫೈಲುಗಳು ಅದೇ ಕ್ರಮದಲ್ಲಿ ಎಲ್ಲ ಅಂಗಡಿಗೂ ಹೋಗಬೇಕು. ಯಾರು ಏನು ಮಾಡಿದರೂ ಗಿಟ್‌ನಲ್ಲಿ ಉಳಿಯುತ್ತದೆ. ಯಜಮಾನರು ಗೊಣಗುತ್ತಲೇ ಒಪ್ಪಿದರು. ಇನ್ನೊಂದು ಕಾಲಂ ಸೇರಿಸಿದ ಅವರ ಮೊದಲ ಫೈಲಿನ ಕಾರಣ: "ಸಾಹುಕಾರರು ಕೇಳಿದರು." ಅದನ್ನು ತೆಗೆದದ್ದಕ್ಕೆ: "ಅವರ ಶ್ರೀಮತಿಯವರು ಬೇಡ ಅಂದರು." ಮತ್ತೆ ಸೇರಿಸಿದ್ದಕ್ಕೆ: "ಶ್ರೀಮತಿಯವರು ತವರಿಗೆ ಹೋಗಿದ್ದಾರೆ."

೩. ಸ್ವಚ್ಛತೆ

ಸಾಹುಕಾರರು ಭಾವಮೈದುನನನ್ನು ಪಾಲುದಾರ ಮಾಡಿಕೊಂಡು ಸೊರಬದಲ್ಲಿ ಮೂರನೇ ಅಂಗಡಿ ತೆರೆದರು. ಮುಹೂರ್ತದೊಳಗೆ ಮೊದಲ ಬಿಲ್ ಬರದಿದ್ದರೆ ಮೂರೂ ಅಂಗಡಿಯ ಕೆಲಸ ಶಿವಮೊಗ್ಗದ ಸಾಫ್ಟ್‌ವೇರ್‌ನವರಿಗೆ ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಪೂಜೆ ನಡೆಯುವಾಗ ನಾನು ಕಂಪ್ಯೂಟರ್ ಹಾಕಿದರೆ, ಹಿಂದಿನ ದಿನ ಡೇಟಾಬೇಸಿನಲ್ಲಿ ಮಾಡಿಟ್ಟಿದ್ದ ಒಂದು ಟೇಬಲ್ಲೂ ಇಲ್ಲ.

ಕಂಪ್ಯೂಟರ್ ಕೋರ್ಸ್ ಮಾಡಿದ್ದ ಭಾವಮೈದುನ ಹೆಮ್ಮೆಯಿಂದ ಹೇಳಿದ: "ಪೂಜೆ ಅಂತ ಎಲ್ಲಾ ಕ್ಲೀನ್ ಮಾಡೇನ್ರೀ. ಟೇಬಲ್ ಎಲ್ಲಾ ಖಾಲಿ ಇದ್ವು, ತೆಗೆದುಹಾಕಿದೆ."

ವ್ಯಾಪಾರವೇ ಶುರುವಾಗದ ಅಂಗಡಿಯಲ್ಲಿ ಅವು ಖಾಲಿ ಇರದೆ ಇನ್ನೇನು? ಯಜಮಾನರ ಮುಖ ಬಿಳಿಚಿಕೊಂಡಿತು. ನಾನು ಗಿಟ್‌ನ ಫೈಲುಗಳನ್ನೆಲ್ಲ ಮೊದಲಿನಿಂದ ಸಾಲಾಗಿ ಓಡಿಸಿದೆ. ಮಂಗಳಾರತಿ ತಟ್ಟೆ ನಮ್ಮ ತನಕ ಬರುವಷ್ಟರಲ್ಲಿ ಟೇಬಲ್‌ಗಳೆಲ್ಲ ವಾಪಸ್ ಬಂದವು, ಹಿಂದೆಯೇ ಮೊದಲ ಬಿಲ್ಲೂ ಬಂತು. ಗೆದ್ದೆ ಅನ್ನಿಸಿ ಎದೆ ಉಬ್ಬಿತು. ಮೂರೂ ಅಂಗಡಿ ನಿಮಗೇ ಅಂದರು ಸಾಹುಕಾರರು.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಏನು ಕೆಟ್ಟರೂ ಹೀಗೆ ಸರಿಮಾಡಬಹುದೇ ಎಂದು ಕೇಳಿದರು. ಹೂಂ ಅಂದೆ. ಪ್ರಸಾದ ಹಂಚುತ್ತಿದ್ದ ಭಾವಮೈದುನನ ಕಡೆ ನೋಡಿ ದನಿ ತಗ್ಗಿಸಿದರು:

"ಇವನ್ನ ಪಾಲುದಾರ ಮಾಡ್ಕೊಳ್ಳೋಕಿಂತ ಮುಂಚೆ ಹೆಂಗಿತ್ತೋ, ಹಂಗ್ ಮಾಡಾಕ್ ಆಗ್ತದೇನ್ರೀ?"