ನಾಲ್ಕು ಮಡಿಕೆಯ ಭಾಷಣ

ಎಲ್ಲಕ್ಕೂ ಮೂಲ ಹೆಡ್ ಕ್ಲರ್ಕರ ಗಂಟಲು. ಆಫೀಸಿನಲ್ಲಿ ಯಾರೇ ನಿವೃತ್ತರಾಗಲಿ, ಬೀಳ್ಕೊಡುಗೆಯ ಭಾಷಣ ಅವರದೇ. ಸಂಜೆ ನಾಲ್ಕಕ್ಕೆ ಸಾಹೇಬರ ಬೀಳ್ಕೊಡುಗೆ. ಬೆಳಿಗ್ಗೆ ಹತ್ತಕ್ಕೇ ಇವರ ಗಂಟಲು ಕಟ್ಟಿತು. ನೆಲಮಾಳಿಗೆಯ ರೆಕಾರ್ಡ್ ರೂಮಿಗೆ ಇಳಿದು ಬಂದು, ಅಲ್ಲಿನ ಗುಮಾಸ್ತನ ಕಿವಿಯಲ್ಲಿ ಪಿಸುಗುಟ್ಟಿದರು.

"ನೀವೇ ಮಾತಾಡ್ಬೇಕು. ಹನ್ನೊಂದು ವರ್ಷ ಅವರ ಕೈಕೆಳಗೆ ಇದ್ದೋರು."

ಹನ್ನೊಂದು ವರ್ಷ ಗುಮಾಸ್ತ ಕಾದದ್ದು ಸಾಹೇಬರು ಹೋಗಲಿ ಎಂದೇ. ಕಿಟಕಿಯಿಲ್ಲದ ಈ ಕೋಣೆಯಿಂದ ಮೇಲಿನ ಮಹಡಿಗೆ ಹಾಕಿ ಎಂದು ಏಳು ಅರ್ಜಿ ಕೊಟ್ಟಿದ್ದ. ಏಳನ್ನೂ ಅವರು ತಳ್ಳಿಹಾಕಿದ್ದರು. ಮುಂದೆ ಬರುವ ಹೊಸ ಅಧಿಕಾರಿಗೆಂದು ಬರೆದ ಎಂಟನೆಯ ಅರ್ಜಿ ಅವನ ಜೇಬಿನಲ್ಲೇ ಇತ್ತು.

ಭಾಷಣವನ್ನೂ ಬರೆದ. ಅದರ ಗತಿ ಕೇಳಬೇಡಿ. ಕ್ಯಾಷಿಯರ್ ಕಿತ್ತುಕೊಂಡು ಅರ್ಧ ಹೊಡೆದುಹಾಕಿದ. ಟೈಪಿಸ್ಟಮ್ಮ ಹೊಗಳಿಕೆ ಸಾಲದೆಂದು ಎರಡು ಪುಟ ಸೇರಿಸಿದರು. ಅದನ್ನು ಹುಡುಕಿಕೊಂಡು ಗುಮಾಸ್ತ ಆರು ಸಲ ಮೆಟ್ಟಿಲು ಹತ್ತಿಳಿದ, ನಾಲ್ಕು ಲೋಟ ನೀರು ಕುಡಿದ, ಜೇಬು ಮುಟ್ಟಿ ಮುಟ್ಟಿ ನೋಡಿಕೊಂಡ.

"ತಪ್ಪಿದ್ರೆ ಏನಮ್ಮಾ ಮಾಡ್ಲಿ?"

"ನಿಲ್ಲಿಸ್ಬೇಡಿ, ಕ್ಷಮಿಸಿ ಅನ್ಬೇಡಿ," ಎಂದರು ಟೈಪಿಸ್ಟಮ್ಮ. "ಬೇಕಂತ್ಲೇ ಹೇಳಿದ ಹಾಗೆ ನಗ್ತಾ ಮುಂದಕ್ಕೆ ಹೋಗಿ. ಯಾರಿಗೂ ಗೊತ್ತಾಗಲ್ಲ."

ನಾಲ್ಕಕ್ಕೆ ಮೈಕಿನ ಮುಂದೆ ನಿಂತ. ಯಾವ ಕಾಗದವನ್ನೇ ಆದರೂ ನಾಲ್ಕಾಗಿ ಮಡಚಿಡುವುದು ಅವನ ಅಭ್ಯಾಸ. ಭಾಷಣವೂ ಹಾಗೇ ಮಡಚಿ, ಅರ್ಜಿಯ ಜೊತೆ ಅದೇ ಜೇಬಿನಲ್ಲಿತ್ತು. ಒಂದೂ ಕಡತ ತಪ್ಪಿಸದ ಕೈ ಗಡಿಬಿಡಿಯಲ್ಲಿ ಜೇಬಿಗೆ ಹೋಯಿತು. ಸಿಕ್ಕಿದ್ದನ್ನು ಬಿಡಿಸಿ ಗಟ್ಟಿಯಾಗಿ ಓದಿಯೇಬಿಟ್ಟ:

"ಈ ಸಾಹೇಬರ ದೆಸೆಯಿಂದ ನಾನು ಹನ್ನೊಂದು ವರ್ಷ ಸೂರ್ಯನ ಮುಖ ನೋಡಿಲ್ಲ."

ಅದು ಎಂಟನೆಯ ಅರ್ಜಿ! ಸಭೆ ಗರಬಡಿದಂತೆ ಕುಳಿತಿತು. ಸಾಹೇಬರ ಹುಬ್ಬು ಗಂಟಿಕ್ಕಿತು. ಗುಮಾಸ್ತನಿಗೆ ಭಾಷಣದ ಒಂದಕ್ಷರವೂ ನೆನಪಾಗಲಿಲ್ಲ. ಹಲ್ಲು ಕಿರಿದ.

"ನೋಡೋಕೆ ಪುರುಸೊತ್ತೆಲ್ಲಿ? ಕೆಲಸದ ರುಚಿ ಅಷ್ಟು ಹತ್ತಿಸಿದ್ರು ನಮ್ಮ ಸಾಹೇಬ್ರು!"

ಚಪ್ಪಾಳೆ ಬಿತ್ತು. ಗುಮಾಸ್ತನಿಗೆ ಧೈರ್ಯ ಬಂದು ಮುಂದಿನ ಸಾಲು ಓದಿದ. "ಏಳು ಸಲ ಬೇಡಿದರೂ ಕರಗದ ಕಲ್ಲೆದೆ ಇವರದು." ಮತ್ತೆ ಹಲ್ಲು ಕಿರಿದು ತಾನೇ ಸೇರಿಸಿದ. "ಹೌದು! ಏಳು ಸಲ ಈ ಪೆದ್ದ ಆ ಕೋಣೆ ಬಿಟ್ಟು ಹೋಗ್ತೀನಿ ಅಂದೆ. ಏಳು ಸಲವೂ ಬಿಡಲಿಲ್ಲ. ಹೆತ್ತಪ್ಪನಿಗೂ ಇಷ್ಟು ಅಕ್ಕರೆ ಇರಲ್ಲ!"

ಮತ್ತೆ ಚಪ್ಪಾಳೆ. ಕೊನೆಯ ಸಾಲಿಗೆ ಅವನೇ ಮೈಮರೆತಿದ್ದ. "ಅಂತೂ ಇವರು ತೊಲಗುತ್ತಿದ್ದಾರೆ ಅಂತ ಆಗದವರು ಕುಣಿಯಬಹುದು. ನಾವು ಮಾತ್ರ ಇವತ್ತು ಅನಾಥರು!"

ಟೈಪಿಸ್ಟಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಗುಮಾಸ್ತ ಬೆವರೊರೆಸಿಕೊಂಡು ಕುಳಿತ. ಗೆದ್ದೆ ಎನಿಸಿತು.

ಸಾಹೇಬರು ಎದ್ದರು. ಜೇಬಿನಿಂದ ತಾವೂ ಒಂದು ಕಾಗದ ತೆಗೆದರು.

"ಇನ್ನೆರಡು ವರ್ಷ ಮುಂದುವರಿಯಿರಿ ಅಂತ ಮೇಲಿನವರು ಕೇಳಿದ್ರು. ಇಲ್ಲಿ ನಾನು ಯಾರಿಗೂ ಬೇಡ ಅಂದ್ಕೊಂಡು, ಆಗಲ್ಲ ಅಂತ ಬರೆದಿಟ್ಟಿದ್ದೆ." ಅದನ್ನು ಪರಪರ ಹರಿದರು. "ಈ ಪ್ರೀತಿ ಬಿಟ್ಟು ಎಲ್ಲಿಗೆ ಹೋಗ್ಲಿ? ನಾಳೆಯಿಂದ ನಾನೇ ಬರ್ತೀನಿ! ಮತ್ತೆ ಈ ನಮ್ಮ ಗುಮಾಸ್ತನ್ನ ಆ ಕೋಣೆಯಿಂದ ಯಾರೂ ಕದಲಿಸೋ ಹಾಗಿಲ್ಲ. ನಾನಿದ್ದೀನಿ!"

ಸಭೆಯಲ್ಲಿ ಒಂದು ಕೈಯೂ ಅಲುಗಲಿಲ್ಲ. ಎಲ್ಲರೂ ತಿರುಗಿ ಗುಮಾಸ್ತನನ್ನು ತಿನ್ನುವಂತೆ ನೋಡಿದರು.

ಅವನು ನಿಲ್ಲಿಸಲಿಲ್ಲ, ಕ್ಷಮಿಸಿ ಎನ್ನಲಿಲ್ಲ. ಬೇಕಂತಲೇ ಮಾಡಿದವನ ಹಾಗೆ ನಗುತ್ತಾ, ಒಬ್ಬನೇ ಚಪ್ಪಾಳೆ ತಟ್ಟತೊಡಗಿದ.